‘ಎಂಬ’ ಎಂಬ ಒಂದು ಪದ

‘ಮಳೆ ಬಂದ ಕಾರಣ ಪಂದ್ಯ ನಿಲ್ಲಿಸಿದರು.’ ‘ಮಳೆ ಬಂತೆಂಬ ಕಾರಣಕ್ಕೆ ಪಂದ್ಯ ನಿಲ್ಲಿಸಿದರು.’ ಈ ಎರಡು ವಾಕ್ಯಗಳಲ್ಲಿ ಮಳೆ ಒಂದೇ, ಪಂದ್ಯ ಒಂದೇ, ನಿಲ್ಲಿಸಿದವರೂ ಅವರೇ. ಆದರೂ ಮೊದಲನೆಯದನ್ನು ಓದಿದವರು ಮಳೆಯನ್ನು ಬೈಯುತ್ತಾರೆ, ಎರಡನೆಯದನ್ನು ಓದಿದವರು ಪಂದ್ಯ ನಡೆಸಿದವರನ್ನು ಬೈಯುತ್ತಾರೆ. ನಾಲ್ಕು ಹನಿ ಬಿದ್ದದ್ದಕ್ಕೆಲ್ಲ ಆಟ ನಿಲ್ಲಿಸಬೇಕಿತ್ತೇ ಅನ್ನುವ ಕೊಂಕು ಎರಡನೆಯ ವಾಕ್ಯದಲ್ಲಿ ಕೂತಿದೆ. ‘ನೆಪ’ ಅನ್ನುವ ಮಾತು ಅಲ್ಲಿ ಎಲ್ಲೂ ಇಲ್ಲ. ಕೊಂಕೆಲ್ಲ ‘ಎಂಬ’ದ್ದು.

ನಾಮಪದದ ಬೆನ್ನಿಗೆ ಒಂದು ಇಡೀ ವಾಕ್ಯವನ್ನು ಕಟ್ಟುವ ಕೆಲಸಕ್ಕೆ ಇಂಗ್ಲಿಷಿನವರು ‘ದಟ್’ ಇಟ್ಟುಕೊಂಡಿದ್ದಾರೆ. ದ ನ್ಯೂಸ್ ದಟ್, ದ ರೂಮರ್ ದಟ್, ದ ಹೋಪ್ ದಟ್, ದ ಫಿಯರ್ ದಟ್. ಅಲ್ಲಿ ನಾಮಪದ ಮೊದಲು, ಅದರ ಹೊಟ್ಟೆಯೊಳಗಿನ ಮಾತು ಆಮೇಲೆ. ನಮ್ಮಲ್ಲಿ ಮಾತು ಮೊದಲು, ನಾಮಪದ ಕೊನೆಗೆ. ಕೆಲಸ ಒಂದೇ ಆದ್ದರಿಂದ ಶಾಲೆಯಲ್ಲಿ ನಮಗೆ ದಟ್ ಅಂದರೆ ‘ಎಂಬ’, ‘ಎಂದು’ ಎಂದು ಹೇಳಿಕೊಟ್ಟರು. ಪರೀಕ್ಷೆ ಪಾಸಾಗಲು ಅಷ್ಟು ಸಾಕು. ಆದರೆ ಎರಡರ ಹುಟ್ಟು ಬೇರೆ ಬೇರೆ, ಹುಟ್ಟುಗುಣವೂ ಬೇರೆ.

ದಟ್ ಹುಟ್ಟಿದ್ದು ಬೆರಳು ತೋರಿಸುವುದರಿಂದ. ಅದು ಹಳೆಯ ಇಂಗ್ಲಿಷಿನ ‘ಅದು’. ಅವಳು ಬಂದಳು, ನನಗೆ ಅದು ಗೊತ್ತು. ಈ ‘ಅದು’ವೇ ಕಾಲಾಂತರದಲ್ಲಿ ಎರಡು ವಾಕ್ಯಗಳ ನಡುವಿನ ಕೊಂಡಿಯಾಯಿತು ಎಂದು ವ್ಯಾಕರಣಕಾರರು ಸಾಮಾನ್ಯವಾಗಿ ವಿವರಿಸುತ್ತಾರೆ. ಜರ್ಮನ್ನಿನಲ್ಲೂ ಹಾಗೇ, ಅಲ್ಲಿನ ‘ದಸ್’ ಅದೇ ಬಳಗದ್ದು. ಬೆರಳಿಗೆ ಬಾಯಿಲ್ಲ. ಯಾರು ಹೇಳಿದ್ದು, ನಿಜವೋ ಸುಳ್ಳೋ ಅನ್ನುವುದು ಅದಕ್ಕೆ ಸಂಬಂಧಿಸಿದ್ದಲ್ಲ. ಫ್ಯಾಕ್ಟ್ ಪಕ್ಕದಲ್ಲೂ ದಟ್, ಲೈ ಪಕ್ಕದಲ್ಲೂ ದಟ್. ಹೊಣೆಯೆಲ್ಲ ಹಿಂದಿನ ನಾಮಪದದ್ದು.

‘ಎಂಬ’ ಹುಟ್ಟಿದ್ದು ಬಾಯಿಯಿಂದ. ‘ಎನ್’ ಅಂದರೆ ಹೇಳು. ಎಂಬ ಅಂದರೆ ಹೇಳುವ, ಎಂದು ಅಂದರೆ ಹೇಳಿ, ಎಂದರೆ ಅಂದರೆ ಹೇಳಿದರೆ. ಉಣ್ ಧಾತುವಿಗೆ ಉಂಬ, ತಿನ್ ಧಾತುವಿಗೆ ತಿಂಬ, ಕಾಣ್ ಧಾತುವಿಗೆ ಕಾಂಬ, ಎನ್ ಧಾತುವಿಗೆ ಎಂಬ. ನಾಲ್ವರೂ ಒಂದೇ ಮನೆಯ ಮಕ್ಕಳು. ಮೂವರು ಇವತ್ತಿನ ಬರಹದಲ್ಲಿ ಉಣ್ಣುವ, ತಿನ್ನುವ, ಕಾಣುವ ಎಂದು ಹೊಸ ವೇಷ ತೊಟ್ಟರು. ಹಳೆಯ ವೇಷದಲ್ಲಿ ಅವರನ್ನು ನೋಡಬೇಕಾದರೆ ಕುಂದಾಪುರದ ಕಡೆ ಹೋಗಿ ತಿಂಬುದು, ಕಾಂಬುದು ಕೇಳಿಸಿಕೊಳ್ಳಬೇಕು. ಎಂಬ ಮಾತ್ರ ಜಗ್ಗಲಿಲ್ಲ. ‘ಎನ್ನುವ’ ಬಂದು ಪಕ್ಕದಲ್ಲೇ ಕೂತಿತು, ಮಾತಿನಲ್ಲಿ ಅದು ‘ಅನ್ನೋ’ ಆಗಿ ಊರೆಲ್ಲ ಓಡಾಡಿತು, ಬರಹದಲ್ಲಿ ಎಂಬದ ಕುರ್ಚಿ ಮಾತ್ರ ಖಾಲಿಯಾಗಲಿಲ್ಲ.

ಹೇಳುವ ಕ್ರಿಯಾಪದವನ್ನೇ ಈ ಕೊಂಡಿಯ ಕೆಲಸಕ್ಕೆ ಹಚ್ಚಿದ್ದು ನಾವೊಬ್ಬರೇ ಅಲ್ಲ. ತಮಿಳಿನ ಎನ್ನುಂ, ಮಲಯಾಳದ ಎನ್ನ, ತೆಲುಗಿನ ಅನೇ, ಎಲ್ಲವೂ ಇದೇ ಬುಡದವು. ತುಳುವಿನಲ್ಲಿ ಧಾತು ಬೇರೆ, ಯುಕ್ತಿ ಇದೇ. ಅಲ್ಲಿ ‘ಪಣ್’ ಧಾತುವಿನಿಂದ ‘ಪನ್ಪಿ’ ಬರುತ್ತದೆ. ಹವ್ಯಕರು ಎನ್ ಬಿಟ್ಟು ‘ಹೇಳಿ’ಯನ್ನೇ ಹಿಡಿದುಕೊಂಡರು, ‘ಆನು ಬತ್ತೆ ಹೇಳಿ ಹೇಳಿದ’ ಅಂದರೆ ಹೊರಗಿನವರಿಗೆ ಒಂದೇ ಮಾತನ್ನು ಎರಡು ಸಲ ಹೇಳಿದಂತೆ ಕೇಳುತ್ತದೆ, ಅವರಿಗೆ ಮೊದಲನೆಯ ಹೇಳಿ ಬರೀ ‘ಎಂದು’. ಮರಾಠಿಯ ‘ಮ್ಹಣೂನ್’ ಕೂಡ ಹೇಳುವುದರಿಂದಲೇ ಬಂದದ್ದು. ನನಗೆ ಇವೆಲ್ಲಕ್ಕಿಂತ ಇಷ್ಟವಾದದ್ದು ನಮ್ಮೂರುಗಳ ದಖನಿ ಉರ್ದುವಿನ ‘ಬೋಲ್ಕೆ’. ಉತ್ತರದ ಉರ್ದು ‘ಕಿ’ ಅನ್ನುವಲ್ಲಿ ಬೆಂಗಳೂರಿನ ಹಣ್ಣಿನ ವ್ಯಾಪಾರಿ ಮಾತನ್ನು ಮೊದಲು ಆಡಿ ಮುಗಿಸಿ, ಕೊನೆಗೆ ಬೋಲ್ಕೆ ಸೇರಿಸುತ್ತಾನೆ. ಪದಗಳು ಉರ್ದುವಿನವು, ವಾಕ್ಯದ ನಡಿಗೆ ಅಪ್ಪಟ ಇಲ್ಲಿನದು.

ಬಾಯಿಯಿಂದ ಹುಟ್ಟಿದ್ದರ ಲಾಭ ಏನು ಅಂದರೆ, ಎಂಬದ ಮುಂದೆ ಯಾವ ಮಾತನ್ನು ಬೇಕಾದರೂ ಇಡಬಹುದು. ಇಂಗ್ಲಿಷಿನ ದಟ್ ಹೇಳಿಕೆಯನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ. ಪ್ರಶ್ನೆ ಬಂದರೆ ‘ವೆದರ್’ ಕರೆಸಬೇಕು. ಬೇಡಿಕೆ ಬಂದರೆ ಕ್ರಿಯಾಪದದ ರೂಪವನ್ನೇ ಬದಲಿಸಬೇಕು. ಮಂತ್ರಿ ರಾಜೀನಾಮೆ ಕೊಡಬೇಕೆಂಬ ಒತ್ತಾಯ ಅನ್ನುವಲ್ಲಿ ಅಮೆರಿಕದವರು ಬರೀ ‘ರಿಸೈನ್’ ಅನ್ನುತ್ತಾರೆ, ಬ್ರಿಟಿಷರು ‘ಶುಡ್ ರಿಸೈನ್’ ಅನ್ನುವುದೇ ಹೆಚ್ಚು. ನಮಗೆ ಆ ರಗಳೆಯಿಲ್ಲ. ನನ್ನ ಕೈಲಿ ಆದೀತೇ ಎಂಬ ಅಳುಕು. ನಾನ್ಯಾಕೆ ಹೋಗಲಿ ಎಂಬ ಬಿಗುಮಾನ. ಮಗ ನಾಲ್ಕಕ್ಷರ ಕಲಿಯಲಿ ಎಂಬ ಆಸೆ. ಕೇಳುವವರು ಯಾರಿದ್ದಾರೆ ಎಂಬ ಧೈರ್ಯ. ಪ್ರಶ್ನೆ, ಹಾರೈಕೆ, ಸವಾಲು ಎಲ್ಲವೂ ಬಾಯಿಂದ ಬಿದ್ದ ಹಾಗೇ ಒಳಗೆ ಕೂರುತ್ತವೆ. ಅಯ್ಯೋ ಎಂಬ ಉದ್ಗಾರವೂ ಸರಿ, ಧಡ್ ಎಂಬ ಸದ್ದೂ ಸರಿ. ಬಿದ್ದ ತೆಂಗಿನಕಾಯಿ ಕೂಡ ಎಂಬದ ಎದುರು ಮಾತಾಡುವ ಪ್ರಾಣಿಯೇ.

ಇನ್ನೊಂದು ಚಮತ್ಕಾರ ‘ನಾನು’ವಿನದು. ‘ನನಗೆ ಎಲ್ಲಾ ಗೊತ್ತು ಎಂಬ ಅಹಂಕಾರ ಅವನಿಗೆ.’ ಇಲ್ಲಿ ನನಗೆ ಅಂದರೆ ಯಾರಿಗೆ? ಬರೆಯುತ್ತಿರುವ ನನಗಲ್ಲ, ಅವನಿಗೆ. ಒಂದೇ ವಾಕ್ಯದಲ್ಲಿ ಅವನು ನಾನೂ ಹೌದು, ಅವನೂ ಹೌದು, ಆದರೂ ಕನ್ನಡ ಓದುವ ಯಾವ ಮಗುವೂ ಗೊಂದಲಪಡುವುದಿಲ್ಲ. ಇಂಗ್ಲಿಷಿನಲ್ಲಿ ಆ ನಾನುವನ್ನು ‘ಹಿ’ ಮಾಡಿ ಒಳಗೆ ಬಿಡಬೇಕು. ಅಷ್ಟರಲ್ಲಿ ಅಹಂಕಾರದ ಅರ್ಧ ಸ್ವಾರಸ್ಯ ಹೊರಟುಹೋಗಿರುತ್ತದೆ, ಏಕೆಂದರೆ ಅಹಂಕಾರ ಮಾತಾಡುವುದೇ ನಾನು ನಾನು ಎಂದು.

ಇಷ್ಟೆಲ್ಲ ಇದ್ದರೂ ನಾವು ‘ಎಂಬ’ವನ್ನು ಇಂಗ್ಲಿಷಿಗೆ ಕೂಲಿಯಾಗಿ ಕಳಿಸಿದ್ದೇವೆ. ‘ಅವರು ಸಭೆಗೆ ಬರಲಿಲ್ಲ ಎಂಬ ಅಂಶ ನನಗೆ ಬೇಸರ ತಂದಿತು.’ ಈ ‘ಎಂಬ ಅಂಶ’ ಎಲ್ಲಿಂದ ಬಂತೋ ಊಹಿಸಬಹುದು. ದ ಫ್ಯಾಕ್ಟ್ ದಟ್ ಅನ್ನುವುದಕ್ಕೆ ಧೋತರ ಉಡಿಸಿದ್ದಾರೆ. ಕನ್ನಡದಲ್ಲಿ ‘ಅವರು ಬಾರದ್ದು ಬೇಸರವಾಯಿತು’ ಅಂದರೆ ಮುಗಿಯಿತು. ಬಾರದ್ದು ಅನ್ನುವ ಒಂದೇ ಪದದಲ್ಲಿ ಅಂಶವೂ ಇದೆ, ಸಂಗತಿಯೂ ಇದೆ. ತಮಾಷೆಯೆಂದರೆ ಇಂಗ್ಲಿಷಿನಲ್ಲೇ ಈ ಪದಗುಚ್ಛಕ್ಕೆ ಮರ್ಯಾದೆಯಿಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ವಿಲಿಯಂ ಸ್ಟ್ರಂಕ್ 1918ರಲ್ಲಿ ವಿದ್ಯಾರ್ಥಿಗಳಿಗಾಗಿ ಮಾಡಿದ ಪುಟ್ಟ ಕೈಪಿಡಿ ‘ದಿ ಎಲಿಮೆಂಟ್ಸ್ ಆಫ್ ಸ್ಟೈಲ್’ನಲ್ಲಿ, ದ ಫ್ಯಾಕ್ಟ್ ದಟ್ ಕಂಡಲ್ಲೆಲ್ಲ ಕಿತ್ತುಹಾಕಿ ಎಂದು ತಾಕೀತು ಮಾಡಿದರು. ಅವರ ಶಿಷ್ಯ ಇ. ಬಿ. ವೈಟ್ 1959ರಲ್ಲಿ ಅದನ್ನು ತಿದ್ದಿ ಬೆಳೆಸಿದ ಮೇಲೆ ಆ ಪುಸ್ತಕ ಅಮೆರಿಕದ ಕಾಲೇಜುಗಳಲ್ಲಿ ಮನೆಮಾತಾಯಿತು. ಅಲ್ಲಿ ಎಸೆಯಿರಿ ಅಂದದ್ದನ್ನು ನಾವು ಎತ್ತಿಕೊಂಡು ಬಂದು ಜೋಪಾನ ಮಾಡುತ್ತಿದ್ದೇವೆ.

ಎಂಬ ಅಂಶ ಕಿವಿಗೆ ಕಿರಿಕಿರಿ ಮಾತ್ರವಲ್ಲ, ಅರ್ಥದಲ್ಲೂ ಎಡವಟ್ಟು. ಎಂಬ ಬಂತೆಂದರೆ ಹಿಂದೆ ಒಂದು ಬಾಯಿ ಇದೆ ಎಂದಾಯಿತು. ಸುದ್ದಿ, ವದಂತಿ, ನಂಬಿಕೆ, ದೂರು, ಹರಕೆ, ಭ್ರಮೆ ಇವಕ್ಕೆಲ್ಲ ಬಾಯಿಯುಂಟು. ಯಾರೋ ಅಂದುಕೊಂಡದ್ದು, ಆಡಿಕೊಂಡದ್ದು. ನಡೆದುಹೋದ ಘಟನೆಗೆ ಬಾಯಿ ಬೇಕಿಲ್ಲ, ಅದಕ್ಕೆ ಬಂದ, ಹೋದ, ಬಿದ್ದ ಅನ್ನುವ ಕೃದಂತ ಸಾಕು. ‘ಅಜ್ಜ ತೀರಿಕೊಂಡ ಸುದ್ದಿ ಬಂತು’ ಅಂದರೆ ಅಜ್ಜ ಹೋದರು. ‘ಅಜ್ಜ ತೀರಿಕೊಂಡರೆಂಬ ಸುದ್ದಿ ಬಂತು’ ಅಂದರೆ ಮನೆಯವರು ಇನ್ನೊಮ್ಮೆ ಫೋನ್ ಮಾಡಿ ಕೇಳುವಷ್ಟು ಜಾಗ ಉಳಿದಿದೆ. ಊರಿನ ಬಸ್ಸು ಹತ್ತುವುದಕ್ಕೂ ಮೊದಲು ‘ಎಂಬ’ ಒಂದು ಸಣ್ಣ ಆಸೆಯನ್ನು ಇಟ್ಟುಕೊಳ್ಳಲು ಬಿಡುತ್ತದೆ. ಇಂಗ್ಲಿಷಿನ ದಟ್‌ಗೆ ಈ ವ್ಯತ್ಯಾಸ ತೋರಿಸುವ ದಾರಿಯೇ ಇಲ್ಲ; ಅದಕ್ಕಿರುವ ತೊಡಕೇ ಬೇರೆ. ದ ನ್ಯೂಸ್ ದಟ್ ಹಿ ಬ್ರಾಟ್ ಅಂದರೆ ಅವನು ತಂದ ಸುದ್ದಿ, ದ ನ್ಯೂಸ್ ದಟ್ ಹಿ ಡೈಡ್ ಅಂದರೆ ಅವನು ಸತ್ತನೆಂಬ ಸುದ್ದಿ. ಎರಡೂ ಕಡೆ ಅದೇ ದಟ್, ವಾಕ್ಯ ಮುಗಿಯುವ ತನಕ ಯಾವುದೆಂದು ಗೊತ್ತಾಗದು.

ಹೆಸರಿನ ಜೊತೆ ಬಂದಾಗ ಎಂಬದ ಸ್ವಭಾವ ಸ್ವಲ್ಪ ಖಾರವಾಗುತ್ತದೆ. ಅಪಘಾತದ ವರದಿಯಲ್ಲಿ ಗಾಯಗೊಂಡವರು ಇಂಥ ಎಂಬವರು. ಕರಾವಳಿಯ ಪತ್ರಿಕೆಗಳಲ್ಲಿ ಹೆಚ್ಚಾಗಿ ‘ಎಂಬವರು’, ಬೆಂಗಳೂರು ಮೈಸೂರು ಕಡೆ ‘ಎಂಬುವವರು’. ಈ ಎರಡನೆಯದರ ಮೇಲೆ ವ್ಯಾಕರಣದ ಮೇಷ್ಟರುಗಳಿಗೆ ಸಿಟ್ಟು, ಎಂಬ ಅಂದರೇ ಹೇಳುವ ಆಗಿರುವಾಗ ಇನ್ನೊಂದು ‘ವ’ ಯಾಕೆ ಎಂದು. ಅವರ ಸಿಟ್ಟು ಸರಿಯೇ, ಆದರೆ ಆ ವ ಇನ್ನು ಹೋಗುವುದಿಲ್ಲ. ಏನೇ ಇರಲಿ, ಎಂಬ ಹಾಕಿದರೆ ಈ ಹೆಸರು ನಿಮಗೆ ಗೊತ್ತಿರಲಿಕ್ಕಿಲ್ಲ ಎಂದು ಓದುಗರಿಗೆ ಸೂಚಿಸಿದಂತೆ. ‘ರಾಜ್‌ಕುಮಾರ್ ಎಂಬವರು ನಟಿಸಿದ ಚಿತ್ರ’ ಎಂದು ಯಾರಾದರೂ ಬರೆದು ನೋಡಲಿ, ಸಂಪಾದಕರಿಗೆ ಬರುವ ಪತ್ರಗಳನ್ನು ಓದಲು ಒಬ್ಬ ಹೊಸಬನನ್ನು ನೇಮಿಸಬೇಕಾಗುತ್ತದೆ.

ಅದೇ ಎಂಬ ಪುರವಣಿಯ ಪುಟಕ್ಕೆ ಬಂದರೆ ಹಾರ ತುರಾಯಿ ಹಿಡಿದು ನಿಲ್ಲುತ್ತದೆ. ಕಾರಂತರೆಂಬ ಕಡಲು, ಬೇಂದ್ರೆ ಎಂಬ ಬೆರಗು, ಕುವೆಂಪು ಎಂಬ ಕಾಡು. ಮೊದಲ ಅಕ್ಷರ ಕೂಡಿಬಂದರೆ ಶೀರ್ಷಿಕೆ ತಯಾರು. ಮನಸ್ಸೆಂಬ ಮರ್ಕಟ, ಸಂಸಾರವೆಂಬ ಸಾಗರ ಎನ್ನುತ್ತಿದ್ದ ಹಿಂದಿನವರ ರೂಪಕದ ಹಾದಿಯೇ ಇದು, ತಪ್ಪಲ್ಲ. ಆದರೆ ಹಿಂದಿನವರು ಸಾಗರ ಅಂದಮೇಲೆ ದಾಟುವ ಮಾತನ್ನೂ ಆಡುತ್ತಿದ್ದರು, ಮರ್ಕಟ ಅಂದಮೇಲೆ ಕೊಂಬೆಯಿಂದ ಕೊಂಬೆಗೆ ಹಾರಿಸುತ್ತಿದ್ದರು. ಈಗ ಶೀರ್ಷಿಕೆಯಲ್ಲಿ ಕಡಲು ಬರುತ್ತದೆ, ಲೇಖನದಲ್ಲಿ ಒಂದು ತೆರೆಯೂ ಏಳುವುದಿಲ್ಲ.

ಆಡುಮಾತಿನಲ್ಲಿ ಮಾತ್ರ ನಾವು ಕೆಲವೊಮ್ಮೆ ಇಂಗ್ಲಿಷಿನವರ ಹಾಗೆ ನಾಮಪದವನ್ನು ಮುಂದಿಡುತ್ತೇವೆ. ‘ವಿಷಯ ಏನಪ್ಪಾ ಅಂದ್ರೆ...’ ‘ಸುದ್ದಿ ಏನಪಾ ಅಂದ್ರ...’ ಇದು ಇಂಗ್ಲಿಷಿನಿಂದ ಕಲಿತದ್ದಲ್ಲ. ಹಳೆಯ ಕ್ರಯಪತ್ರಗಳು ಶುರುವಾಗುವುದೇ ‘ಬರೆಸಿಕೊಟ್ಟ ಕ್ರಯಪತ್ರದ ಕ್ರಮವೇನೆಂದರೆ’ ಎಂದು. ಮೊದಲು ಕೇಳುವವರ ಕಿವಿ ನೆಟ್ಟಗಾಗಬೇಕು, ಆಮೇಲೆ ಜಮೀನಿನ ಚಕ್ಕುಬಂದಿ. ವೇದಿಕೆಯ ಭಾಷಣಕಾರರು ‘ನಾನು ಹೇಳೋಕೆ ಹೊರಟಿರೋದು ಏನಪ್ಪಾ ಅಂತ ಅಂದ್ರೆ’ ಅನ್ನುವಾಗ ಅದರಲ್ಲಿ ಎನ್ ಧಾತು ಎರಡು ಸಲ, ಹೇಳು ಒಂದು ಸಲ. ಹೇಳಬೇಕಾದ್ದು ಇನ್ನೂ ಹೊಳೆದಿಲ್ಲ ಅನ್ನುವುದಕ್ಕೆ ಅದಕ್ಕಿಂತ ಪುರಾವೆ ಬೇಡ.

ಈ ಬಾಯಿಯ ಪ್ರಶ್ನೆ ನಿಜವಾಗಿ ಬಿಸಿಯಾಗುವುದು ಅಪರಾಧ ವರದಿಯಲ್ಲಿ. ‘ಲಂಚ ಪಡೆದ ಆರೋಪದ ಮೇಲೆ ಅಧಿಕಾರಿಯ ಅಮಾನತು’ ಎಂದು ದಿನಾ ಓದುತ್ತೇವೆ. ಅಜ್ಜನ ಸುದ್ದಿಗೆ ಹೇಳಿದ್ದೇ ಇಲ್ಲಿಗೂ ಅನ್ವಯಿಸುತ್ತದೆ. ‘ಲಂಚ ಪಡೆದ’ ಅಂದಮೇಲೆ ಪಡೆದದ್ದು ಮುಗಿದೇಹೋಯಿತು, ಪಕ್ಕದ ಆರೋಪ ಅದನ್ನು ಪೂರ್ತಿ ಹಿಂದಕ್ಕೆಳೆಯಲಾರದು. ‘ಲಂಚ ಪಡೆದರೆಂಬ ಆರೋಪ’ ಅಂದರೆ ಪಡೆದದ್ದು ಇನ್ನೊಬ್ಬರ ಬಾಯಲ್ಲೇ ಉಳಿಯುತ್ತದೆ. ಬರೆದವರು ನಡುವೆ ನಿಂತಿರುತ್ತಾರೆ. ಎರಡಕ್ಷರ ಉಳಿಸಲು ಹೋಗಿ ನಾವು ತೀರ್ಪು ಕೊಟ್ಟುಬಿಡುತ್ತೇವೆ.

ಎಚ್ಚರ ಇರುವವರು ‘ಎನ್ನಲಾದ’ ಬಳಸುತ್ತಾರೆ. ಲಂಚ ಪಡೆದರು ಎನ್ನಲಾದ ಅಧಿಕಾರಿ, ಘಟನೆಗೆ ಹಳೇ ದ್ವೇಷ ಕಾರಣ ಎನ್ನಲಾಗಿದೆ. ಇಂಗ್ಲಿಷ್ ವರದಿಯ ‘ಅಲೆಜೆಡ್ಲಿ’ಯನ್ನು ದಾಟಿಸಲು ಸಿಕ್ಕ ಸಾಧನ ಇದು. ಮನೆಯಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲ, ‘ಅಂತೆ’ ಅಂದು ಮುಗಿಸುತ್ತಾರೆ. ನನಗೆ ಎನ್ನಲಾದದ ಮೇಲೆ ಇರುವ ತಕರಾರು ಅದು ಒರಟಾಗಿದೆ ಎಂದಲ್ಲ. ಎಂಬದಲ್ಲಿ ಬಾಯಿ ಇದೆ, ಯಾರ ಬಾಯಿ ಎಂದು ಕೇಳಬಹುದು, ಹುಡುಕಿದರೆ ಹಿಂದಿನ ವಾಕ್ಯದಲ್ಲಿ ಸಿಕ್ಕೀತು. ಎನ್ನಲಾದದಲ್ಲಿ ಆಡಿದವನೇ ಮಾಯ. ಅಂದವರು ಯಾರು? ಪೊಲೀಸರೇ, ಪಕ್ಕದ ಮನೆಯವರೇ, ಅಥವಾ ವರದಿಗಾರ ಟೀ ಅಂಗಡಿಯಲ್ಲಿ ಕೇಳಿಸಿಕೊಂಡದ್ದೇ? ‘ಅಂತೆ’ಯಲ್ಲಾದರೂ ನಾನು ಕೇಳಿದ್ದು ಎಂಬ ಒಪ್ಪಿಗೆ ಇದೆ. ಎನ್ನಲಾಗಿದೆ ಅದನ್ನೂ ಒಪ್ಪಿಕೊಳ್ಳುವುದಿಲ್ಲ.

ಶೀರ್ಷಿಕೆಯಲ್ಲಿ ಇದಕ್ಕೆಲ್ಲ ಜಾಗವಿಲ್ಲ, ನಿಜ. ‘ಹಣ ದುರ್ಬಳಕೆ ಆರೋಪ: ಪಿಡಿಒ ಅಮಾನತು’ ಎಂದು ನಾಮಪದಗಳನ್ನು ಸಾಲಾಗಿ ನಿಲ್ಲಿಸಿದರೆ ಯಾರದೂ ತಕರಾರಿಲ್ಲ. ಕೆಳಗೆ ಮೊದಲ ಪ್ಯಾರಾದಲ್ಲಿ ಪಂಚಾಯಿತಿ ಸದಸ್ಯರೇ ದೂರು ಕೊಟ್ಟಿದ್ದಾದರೆ, ಹಣ ದುರ್ಬಳಕೆಯಾಗಿದೆ ಎಂದು ಸದಸ್ಯರು ದೂರಿದ್ದರು ಎಂದು ಬರೆದರೆ ಸಾಕು. ಆಮೇಲೆ ಸದಸ್ಯರೂ ಸಿಗುತ್ತಾರೆ, ಅವರ ಫೋನ್ ನಂಬರೂ ಸಿಗುತ್ತದೆ, ಪಿಡಿಒ ಏನನ್ನುತ್ತಾರೆ ಎಂದು ಕೇಳುವುದು ಮಾತ್ರ ಬಾಕಿ.