ಸೊನ್ನೆ ತೋರಿದ ದಾರಿ

ಮನೆಗೆ ತಂತಿ ಬಂದಿತೆಂದರೆ, ಒಡೆದು ಓದುವ ಮೊದಲೇ ಎದೆ ಡವಗುಟ್ಟುತ್ತಿದ್ದ ಕಾಲವನ್ನು ತಮ್ಮಲ್ಲಿ ಹಿರಿಯರಾದವರು ಬಲ್ಲರು. ಭಾರತದಲ್ಲಿ 1855ರಲ್ಲಿ ಸಾರ್ವಜನಿಕರಿಗೆ ತೆರೆದ ಆ ಸೇವೆ 2013ರ ಜುಲೈಯಲ್ಲಿ ನಿಂತಿತು. ತಂತಿ ತಂದುಕೊಟ್ಟವನ ನೆನಪು ನಮಗಿದೆ. ಮಾರ್ಗ ಕೆಟ್ಟಾಗ ಆ ಸ್ಥಳವನ್ನು ಹುಡುಕುತ್ತಿದ್ದವರ ನೆನಪು ಕಡಮೆ. ಕಂಬ ಕಂಬವನ್ನೂ ನೋಡುತ್ತ ನಡೆದರೆ ದಿನವೇ ಕಳೆಯುತ್ತದೆ. ಅಷ್ಟರಲ್ಲಿ, ಬೇಗ ಹೊರಟು ಬಾ ಎಂಬ ಸುದ್ದಿ ಎಲ್ಲ ಮುಗಿದ ಮೇಲೆ ತಲುಪೀತು.

ಈ ತೊಂದರೆಗೆ ಒದಗಿದ ಉಪಾಯವೇ ವ್ಹೀಟ್‌ಸ್ಟನ್ ಸೇತುವೆ. ಕುಣಿಗಲ್ ಕೆರೆಯಂಥ ದೊಡ್ಡ ಕೆರೆಯ ತೂಬಿನಿಂದ ಎರಡು ಕಾಲುವೆಗಳು ಹೊರಟು ಕೆಳಗೆ ಮತ್ತೆ ಕೂಡುತ್ತವೆಂದು ಭಾವಿಸಿರಿ. ನಡುವೆ ಅಡ್ಡಗಾಲುವೆ ತೋಡಿದರೆ, ಅದರ ಎರಡು ತುದಿಗಳಲ್ಲೂ ನೀರಿನ ಮಟ್ಟ ಒಂದೇ ಆಗಿದ್ದಾಗ ನೀರು ಅತ್ತಲೂ ಹರಿಯದು, ಇತ್ತಲೂ ಹರಿಯದು. ವಿದ್ಯುತ್ತೂ ಹಾಗೆಯೇ. ಬ್ಯಾಟರಿಯಿಂದ ಎರಡು ದಾರಿ, ಒಂದೊಂದರಲ್ಲೂ ಎರಡೆರಡು ರೋಧ; ನಡುವಣ ಅಡ್ಡತಂತಿಯಲ್ಲಿ ಗಾಲ್ವನೋಮೀಟರು. ಅದರ ಮುಳ್ಳು ಸೊನ್ನೆಯಲ್ಲಿ ನಿಂತರೆ ಎರಡು ದಾರಿಗಳ ರೋಧಗಳೂ ಒಂದೇ ಪ್ರಮಾಣದಲ್ಲಿವೆ ಎಂದರ್ಥ. ಮೂರು ತಿಳಿದಿದ್ದರೆ ನಾಲ್ಕನೆಯದು ತ್ರೈರಾಶಿಯಿಂದ ದೊರೆಯುತ್ತದೆ. ಬ್ಯಾಟರಿಯ ಬಲ ತುಸು ಕುಂದಿದರೂ ಲೆಕ್ಕ ಕೆಡದು.

ತುಮಕೂರಿನಿಂದ ಗುಬ್ಬಿಗೆ 20 ಕಿಲೋಮೀಟರು ಎಂದಿಟ್ಟುಕೊಳ್ಳೋಣ. ಒಂದೇ ಬಗೆಯ ಎರಡು ತಂತಿಗಳಲ್ಲಿ ಒಂದು, ಕಡಿಯದೆ, ಎಲ್ಲಿಯೋ ನೆಲಕ್ಕೆ ತಗುಲಿದೆ. ಗುಬ್ಬಿಯಲ್ಲಿ ಎರಡರ ತುದಿಗಳನ್ನೂ ಜೋಡಿಸಿದರೆ 40 ಕಿಲೋಮೀಟರಿನ ಸುತ್ತಾಯಿತು. ತುಮಕೂರಿನ ಎರಡು ತುದಿಗಳ ನಡುವೆ ಗಾಲ್ವನೋಮೀಟರು. ಒಳ್ಳೆಯ ತಂತಿಯ ಕಡೆಗೆ 1000 ಓಮ್ ರೋಧ, ಕೆಟ್ಟ ತಂತಿಯ ಕಡೆಗೆ ಹೆಚ್ಚುಕಡಮೆ ಮಾಡಬಹುದಾದ ರೋಧ. ಅವೆರಡೂ ಸೇರುವಲ್ಲಿ ಬ್ಯಾಟರಿಯ ಒಂದು ತುದಿ. ಇನ್ನೊಂದು ತುದಿ ನೆಲಕ್ಕೆ. 250 ಓಮಿನಲ್ಲಿ ಮುಳ್ಳು ಸೊನ್ನೆಗೆ ಬಂದಿತೆನ್ನಿ. ನಾಲ್ಕಕ್ಕೆ ಒಂದರಂತೆ 40ನ್ನು ಪಾಲು ಮಾಡಿದರೆ 32 ಮತ್ತು 8. ತುಮಕೂರಿನಿಂದ 8ನೆಯ ಕಿಲೋಮೀಟರಿನಲ್ಲಿ ಹುಡುಕಿದರಾಯಿತು! ಕೆಲಸದವನು ನೇರವಾಗಿ ಅಲ್ಲಿಗೇ ಹೋಗಬಹುದು.

ಭಾರತದ ತಂತಿ ಇಲಾಖೆಯಲ್ಲಿದ್ದ ಲೂಯಿ ಶ್ವೆಂಡ್ಲರ್ ಎಂಬವರು 1870ರ ದಶಕದಲ್ಲಿ ಇಂಥ ಪರೀಕ್ಷೆಗಳಿಗೆಂದೇ ಕೈಪಿಡಿ ಬರೆದರು. ಈ ಸೇತುವೆಯ ಗಣಿತವನ್ನೂ ವಿವೇಚಿಸಿದರು.

ಆದರೆ ಸೇತುವೆಯನ್ನು ಮೊದಲು ಕಂಡವರು ವ್ಹೀಟ್‌ಸ್ಟನ್ ಅಲ್ಲ. 1833ರಲ್ಲಿ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಹಂಟರ್ ಕ್ರಿಸ್ಟಿ ಅದನ್ನು ವಿವರಿಸಿದ್ದರು. ಹತ್ತು ವರ್ಷಗಳ ತರುವಾಯ, 1843ರಲ್ಲಿ, ಚಾರ್ಲ್ಸ್ ವ್ಹೀಟ್‌ಸ್ಟನ್ ಅದರ ಉಪಯೋಗವನ್ನು ಲೋಕಕ್ಕೆ ತೋರಿಸಿಕೊಟ್ಟರು. ಮೊದಲ ಯೋಚನೆ ಕ್ರಿಸ್ಟಿಯವರದೆಂದು ಅವರೇ ಒಪ್ಪಿ ಬರೆದರು. ಲೋಕ ಮಾತ್ರ ವ್ಹೀಟ್‌ಸ್ಟನ್ನರ ಹೆಸರನ್ನೇ ಉಳಿಸಿಕೊಂಡಿತು. ಎಲ್ಲ ರೋಧಗಳನ್ನೂ ಸರಿತೂಗಿಸುವ ಈ ಸೇತುವೆಗೆ ತನ್ನ ಹೆಸರಿನ ಲೆಕ್ಕವನ್ನು ಸರಿತೂಗಿಸಲಾಗಲಿಲ್ಲ.

ತಂತಿ ಹೋಯಿತು, ಸೇತುವೆ ಹೋಗಲಿಲ್ಲ. ಗುಬ್ಬಿಯ ಪೇಟೆಯಲ್ಲಾಗಲಿ ತಮ್ಮ ಬೀದಿಯಲ್ಲಾಗಲಿ ಅಂಗಡಿಯವರು ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಬೆಲ್ಲವನ್ನಿಟ್ಟಾಗ ಗಮನಿಸಿರಿ. ಅಂಥ ತಕ್ಕಡಿಗಳಲ್ಲಿ ಹೆಚ್ಚಿನವುಗಳೊಳಗೆ ಭಾರಕ್ಕೆ ತುಸುವೇ ಬಾಗುವ ಲೋಹದ ಮೇಲೆ ನಾಲ್ಕು ರೋಧಗಳ ಇದೇ ಸೇತುವೆ ಕುಳಿತಿರುತ್ತದೆ. ಅಂಕಿ ಕಂಡಾಗ ಕ್ರಿಸ್ಟಿಯವರನ್ನು ಒಮ್ಮೆ ನೆನೆದರೆ ಹಳೆಯ ಬಾಕಿಯೊಂದು ಸಂದಂತೆ.