ನೆಮೋನ ಹಡಗಿನಲ್ಲಿ ಫ್ರೆಂಚ್

ಮೈಸೂರಿನಲ್ಲಿ ಫ್ರೆಂಚ್ ಪಾಠ ಹೇಳುತ್ತಲೇ ತಲೆ ನರೆತವಳು ನಾನು. ‘ಈ ಭಾಷೆ ಕಲಿತರೆ ಏನು ಸಿಗುತ್ತೆ ಮೇಡಂ?’ ಅಂತ ಕೇಳುವ ಮಕ್ಕಳಿಗೆ ಕೆನಡಾ ವೀಸಾದ ಮಾತನ್ನು ಬೇರೆಯವರು ಹೇಳಿಕೊಳ್ಳಲಿ. ನಾನು ಅವರನ್ನು ಸಮುದ್ರದಡಿಗೆ, ಜೂಲ್ ವೆರ್ನ್ ಕಟ್ಟಿದ ನೌಟಿಲಸ್ ಜಲಾಂತರ್ಗಾಮಿಗೆ ಕರೆದೊಯ್ಯುತ್ತಿದ್ದೆ. ನೌಟಿಲಸ್‌ನ ಕಥೆ ಹೇಳುವ ಆ ಕಾದಂಬರಿ ಪ್ರಕಾಶಕ ಹೆಟ್ಜೆಲ್‌ನ ಪ್ಯಾರಿಸ್ ಪತ್ರಿಕೆಯಲ್ಲಿ 1869ರಿಂದ 1870ರವರೆಗೆ ಧಾರಾವಾಹಿಯಾಗಿ ಬಂತು. ಯುರೋಪಿನ ರಾಜರು, ರಾಯಭಾರಿಗಳು ತಮ್ಮತಮ್ಮಲ್ಲಿ ಫ್ರೆಂಚಿನಲ್ಲೇ ವ್ಯವಹರಿಸುತ್ತಿದ್ದ ಕಾಲ. ಅಂಥ ಹೊತ್ತಿನಲ್ಲಿ ಫ್ರೆಂಚರವನೇ ಆದ ವೆರ್ನ್, ತನ್ನ ಭಾಷೆ ನಡೆಯದ ಹಡಗೊಂದನ್ನು ಕಲ್ಪಿಸಿದ.

ಸೆರೆಸಿಕ್ಕ ಮೂವರನ್ನು ನೋಡಲು ಹಡಗಿನ ನಾಯಕ ನೆಮೋ ಜೊತೆಗಾರನೊಬ್ಬನೊಂದಿಗೆ ಮೊದಲ ಸಲ ಬರುತ್ತಾನಲ್ಲ, ಆ ಪ್ರಸಂಗವನ್ನು ನಾನು ಎಷ್ಟು ಸಲ ಪಾಠ ಮಾಡಿದರೂ ಬೇಸರವಾಗಿಲ್ಲ. ಪ್ರೊಫೆಸರ್ ಅರೊನಾಕ್ಸ್ ತಮ್ಮ ಕಥೆಯನ್ನೆಲ್ಲ ಶುದ್ಧ ಫ್ರೆಂಚಿನಲ್ಲಿ ನಿವೇದಿಸುತ್ತಾನೆ. ನೆಮೋ ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ. ಕ್ವಿಬೆಕ್‌ನ ತಿಮಿಂಗಿಲ ಬೇಟೆಗಾರ ನೆಡ್ ಲ್ಯಾಂಡ್ ಅದನ್ನೇ ಇಂಗ್ಲಿಷಿನಲ್ಲಿ ಗುಡುಗುತ್ತಾನೆ. ಸೇವಕ ಕೋನ್ಸೆಯ್ ಜರ್ಮನ್ನಿನಲ್ಲಿ ಒಪ್ಪಿಸುತ್ತಾನೆ. ಕೊನೆಗೆ ಪ್ರೊಫೆಸರು ಸ್ಕೂಲಿನಲ್ಲಿ ಕಲಿತ ಹರಕುಮುರುಕು ಲ್ಯಾಟಿನ್ನನ್ನೂ ಹೊರತೆಗೆಯುತ್ತಾನೆ. ಉಹೂಂ. ಬಂದ ಇಬ್ಬರೂ ಯಾರಿಗೂ ತಿಳಿಯದ ಭಾಷೆಯಲ್ಲಿ ಏನೋ ಆಡಿಕೊಂಡು ಹೊರಟೇ ಹೋಗುತ್ತಾರೆ. ಆಮೇಲೆ ನೆಮೋ ಮತ್ತೆ ಬಂದಾಗ ಆಡುವುದು ಫ್ರೆಂಚು. ನಾಲ್ಕೂ ಭಾಷೆ ತನಗೆ ಚೆನ್ನಾಗಿ ಬರುತ್ತದೆ, ನಿಮ್ಮ ಕಥೆ ನಾಲ್ಕರಲ್ಲೂ ಒಂದೇ ಇದೆಯೋ ಎಂದು ನೋಡುತ್ತಿದ್ದೆ ಎನ್ನುತ್ತಾನೆ. ಪಾಟೀಸವಾಲು ಹಾಕುವ ವಕೀಲರೂ ಇಷ್ಟು ತಾಳ್ಮೆಯಿಂದ ಕೂರುವುದಿಲ್ಲ!

ಹಡಗಿನ ಆಳುಗಳು ಬೇರೆಬೇರೆ ದೇಶದವರು. ಆದರೆ ತಮ್ಮೊಳಗೆ ಆಡುವುದು ತಾವೇ ಗೊತ್ತುಮಾಡಿಕೊಂಡ ಒಂದು ಭಾಷೆ. ಅಧಿಕಾರಿಯೊಬ್ಬ ದಿನಾ ಬೆಳಗ್ಗೆ ಮೇಲೆ ಬಂದು ದಿಗಂತದ ಮೇಲೆ ಕಣ್ಣಾಡಿಸಿ ಅದೇ ಒಂದು ವಾಕ್ಯ ಹೇಳುತ್ತಾನೆ. ಅರೊನಾಕ್ಸ್‌ಗೆ ಅದು ಬಾಯಿಪಾಠವಾಗುತ್ತದೆ, ಅರ್ಥ ಮಾತ್ರ ಕೊನೆಯವರೆಗೂ ಆಗುವುದಿಲ್ಲ. ಗ್ರಂಥಾಲಯದಲ್ಲಿ 12,000 ಪುಸ್ತಕಗಳಿವೆ. ಯಾವ ಭಾಷೆಯದು ಎಂದು ನೋಡದೆ ಬೆರಸಿ ಜೋಡಿಸಿಟ್ಟಿದ್ದಾರೆ. ಹಡಗಿನ ಭಾಗಗಳೂ ಹಾಗೇ, ಲಂಡನ್, ಲಿವರ್‌ಪೂಲ್, ಗ್ಲಾಸ್ಗೋ, ಪ್ಯಾರಿಸ್, ನ್ಯೂಯಾರ್ಕ್‌ಗಳಿಂದ ಬೇರೆಬೇರೆ ಹೆಸರಿನಲ್ಲಿ ತರಿಸಿದವು. ದೇಶ ಬಿಟ್ಟವರು ಭಾಷೆಯನ್ನೂ ಬಿಡಬೇಕು ಎಂಬುದು ಅಲ್ಲಿನ ಅಲಿಖಿತ ಕಾನೂನು.

ಕಾನೂನು ಮುರಿಯುವುದು ಬಹಾಮಾ ದ್ವೀಪಗಳ ಹತ್ತಿರ. ಅದಕ್ಕೆ ಮುಂಚೆಯೇ ಒಬ್ಬ ಆಳು ತಲೆಗೆ ಪೆಟ್ಟಾಗಿ ಸಾಯುತ್ತಿರುತ್ತಾನೆ. ಇವನಿಗೆ ಫ್ರೆಂಚ್ ತಿಳಿಯದು, ಧಾರಾಳವಾಗಿ ಮಾತಾಡಿ ಎಂದು ನೆಮೋ ಪ್ರೊಫೆಸರಿಗೆ ಹೇಳುತ್ತಾನೆ. ಓದುಗರಾದ ನಾವೂ ಆಳುಗಳೆಲ್ಲ ಹಾಗೇ ಇರಬೇಕು ಅಂದುಕೊಂಡು ಮುಂದೆ ಹೋಗುತ್ತೇವೆ. ಆಮೇಲೆ ದೈತ್ಯ ಆಕ್ಟೋಪಸ್‌ಗಳ ಕಾಳಗ. ಒಂದು ಬಾಹು ಒಬ್ಬ ನಾವಿಕನನ್ನು ಸುತ್ತಿ ಗಾಳಿಗೆತ್ತಿದಾಗ ಅವನು ನೆರವಿಗಾಗಿ ಕಿರುಚುವುದು ಅಪ್ಪಟ ಫ್ರೆಂಚಿನಲ್ಲಿ. ಇಷ್ಟು ತಿಂಗಳು ಜೊತೆಗಿದ್ದವನು ತನ್ನ ದೇಶದವನು ಎಂದು ಅರೊನಾಕ್ಸ್‌ಗೆ ತಿಳಿಯುವುದು ಆ ಗಳಿಗೆಯಲ್ಲಿ. ಅವನನ್ನು ಉಳಿಸಿಕೊಳ್ಳಲು ಆಗುವುದಿಲ್ಲ. ನನ್ನ ಮಟ್ಟಿಗೆ ಇಡೀ ಕಾದಂಬರಿಯ ಎತ್ತರ ಇದೇ. ಸಿನಿಮಾದವರು ಆಕ್ಟೋಪಸ್ಸನ್ನು ನೋಡಿದರು, ಆ ಕೂಗನ್ನು ಕೇಳಲಿಲ್ಲ.

ಹಾಗಾದರೆ ನೆಮೋ ಯಾರು? ವೆರ್ನ್ ಮೊದಲು ಯೋಚಿಸಿದ್ದು ರಷ್ಯನ್ನರ ಮೇಲೆ ಸೇಡು ತೀರಿಸಿಕೊಳ್ಳುವ ಪೋಲೆಂಡಿನವನನ್ನು. ರಷ್ಯದಲ್ಲಿ ಪುಸ್ತಕ ಮಾರಬೇಕಿದ್ದ ಹೆಟ್ಜೆಲ್ ಒಪ್ಪಲಿಲ್ಲ. ಹಾಗಾಗಿ ಮೊದಲ ಪುಸ್ತಕದಲ್ಲಿ ನೆಮೋಗೆ ದೇಶವೇ ಇಲ್ಲ. 1874-75ರ ‘ನಿಗೂಢ ದ್ವೀಪ’ದಲ್ಲಿ ಗುಟ್ಟು ಹೊರಬಿತ್ತು. ಅವನು ಬುಂದೇಲಖಂಡದ ರಾಜಕುಮಾರ ಡಕ್ಕಾರ್, ನಮ್ಮ ಟಿಪ್ಪು ಸುಲ್ತಾನನ ಬಂಧು! ಹತ್ತನೇ ವಯಸ್ಸಿಗೇ ಯುರೋಪಿಗೆ ಓದಲು ಹೋದವನು, 1857ರ ದಂಗೆಯಲ್ಲಿ ಮನೆಮಂದಿಯನ್ನೆಲ್ಲ ಕಳೆದುಕೊಂಡವನು. ಇಸವಿಗಳ ಲೆಕ್ಕ ಕೂಡುವುದಿಲ್ಲ ಬಿಡಿ. ವೆರ್ನ್ ಕೊಡುವ ವಿವರದ ಪ್ರಕಾರ ಅವನು ಹುಟ್ಟಿದ್ದು ಟಿಪ್ಪು 1799ರಲ್ಲಿ ಮಡಿದು ಇಪ್ಪತ್ತು ವರ್ಷಕ್ಕೆ.

ಆದರೂ ವೆರ್ನ್ ಆ ಹೆಸರನ್ನೇ ಹಿಡಿದದ್ದು ಸುಮ್ಮನಲ್ಲ. ಟಿಪ್ಪುವಿನ ಮೂವರು ರಾಯಭಾರಿಗಳು 1788ರ ಜೂನಿನಲ್ಲಿ ತೂಲೋನ್ ಬಂದರಿನಲ್ಲಿ ಇಳಿದು, ಆಗಸ್ಟಿನಲ್ಲಿ ವರ್ಸೈ ಅರಮನೆಯಲ್ಲಿ ಹದಿನಾರನೇ ಲೂಯಿಯನ್ನು ಕಂಡರು. ಶ್ರೀರಂಗಪಟ್ಟಣದಲ್ಲಿ ಫ್ರೆಂಚ್ ಸೈನಿಕರಿದ್ದರು. 1797ರಲ್ಲಿ ಅವರು ಕ್ರಾಂತಿಯ ಹೆಸರಿನಲ್ಲಿ ಸಭೆ ಸೇರಿ ಸ್ವಾತಂತ್ರ್ಯದ ಮರ ನೆಟ್ಟರೆಂಬುದು ಬ್ರಿಟಿಷರೇ ಅಚ್ಚುಹಾಕಿಸಿದ ಕಾಗದಗಳಲ್ಲಿದೆ. ಕಾವೇರಿ ದಂಡೆಯಲ್ಲಿ ಫ್ರೆಂಚ್ ಕೇಳಿಸುತ್ತಿತ್ತು ಎಂಬುದಕ್ಕೆ ಕಾದಂಬರಿಯೇನೂ ಬೇಕಾಗಿಲ್ಲ. ಇಂಗ್ಲಿಷರ ವೈರಿ ಎಂದರೆ ಫ್ರಾನ್ಸಿನ ಓದುಗನಿಗೂ ಮೊದಲು ನೆನಪಾಗುವ ಹೆಸರು ಟಿಪ್ಪುವಿನದೇ ಇದ್ದಿರಬೇಕು.

ಇಂಗ್ಲಿಷಿಗೆ ಹೋದ ಕೂಡಲೇ ಈ ಕಥೆಯ ಹಲ್ಲು ಕಿತ್ತರು. ಮೊದಲ ಪುಸ್ತಕದ 1870ರ ದಶಕದ ಇಂಗ್ಲಿಷ್ ಅನುವಾದ ಲೂಯಿಸ್ ಮರ್ಸಿಯರ್‌ನದು. ಐದನೆಯ ಒಂದು ಪಾಲಿಗೂ ಹೆಚ್ಚನ್ನು ಅದು ನುಂಗಿಹಾಕಿತು. ಕಿಂಗ್‌ಸ್ಟನ್ ಹೆಸರಿನಲ್ಲಿ ಬಂದ ‘ನಿಗೂಢ ದ್ವೀಪ’ದ ಇಂಗ್ಲಿಷ್ ರೂಪವಂತೂ ಇನ್ನೂ ಕೆಟ್ಟದ್ದು: ಬ್ರಿಟಿಷರ ಮೇಲೆ ನೆಮೋ ಕಾರುವ ಕೋಪವನ್ನು ತೆಗೆದು, 1857ರ ದಂಗೆಯನ್ನು ನೀತಿಗೆಟ್ಟ ರಾಜರು ಎಬ್ಬಿಸಿದ್ದು ಎಂಬರ್ಥದ ಮಾತನ್ನೇ ಒಳಗೆ ತೂರಿಸಿತು. ಆ ಹಳೆಯ ಪಾಠವೇ ಇಂದಿಗೂ ಅಗ್ಗದ ಪ್ರತಿಗಳಲ್ಲಿ, ಉಚಿತ ಇ-ಪುಸ್ತಕಗಳಲ್ಲಿ ಸುತ್ತುತ್ತಿದೆ. ಫ್ರೆಂಚ್ ಬರುವವರಿಗೆ ತೊಂದರೆಯಿಲ್ಲ. ಬಾರದವರು ಪುಸ್ತಕದ ಮೊದಲ ಪುಟದಲ್ಲಿ ಅನುವಾದಕರ ಹೆಸರು ನೋಡಿ ಕೊಳ್ಳಿ; ‘ನಿಗೂಢ ದ್ವೀಪ’ಕ್ಕೆ 2001ರಲ್ಲಿ ಬಂದ ಸಿಡ್ನಿ ಕ್ರಾವಿಟ್ಜ್ ಅಥವಾ ಜಾರ್ಡನ್ ಸ್ಟಂಪ್ ಅನುವಾದ ಸಿಕ್ಕರೆ ಅದನ್ನೇ ಓದಿ.