ಜಿ.ಪಿ.ಓ. ಗುಮ್ಮಟದ ಕಲ್ಲು

ಮುಂಬಯಿಯ ವಿ.ಟಿ. ಸ್ಟೇಶನ್ನಿನಿಂದ (ಈಗ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಹೊರಬಿದ್ದವರು ಪಕ್ಕದ ಜಿ.ಪಿ.ಓ. ಗುಮ್ಮಟವನ್ನು ತಲೆಯೆತ್ತಿ ನೋಡುವುದು ಕಡಿಮೆ. ಬೆಳಗಿನ ಲೋಕಲ್ ಇಳಿದವನಿಗೆ ಮಸ್ಟರ್ ಮುಖ್ಯ, ಗುಮ್ಮಟ ಅಲ್ಲ. ಆದರೆ ನಮ್ಮ ವಿಜಾಪುರದ ಕಡೆಯವರು ಒಮ್ಮೆಯಾದರೂ ನಿಂತು ನೋಡಬೇಕು. ಅದು ಗೋಲಗುಮ್ಮಟದ ಮಾದರಿ.

ನಕ್ಷೆ ಹಾಕಿದವರು ಜಾನ್ ಬೆಗ್. 1904ರಲ್ಲಿ ಶುರುವಾದ ಕೆಲಸ ಮುಗಿದದ್ದು 1913ಕ್ಕೆ. ಅಂಚೆ ಕಚೇರಿಗೆ ಆದಿಲಶಾಹಿ ಸಮಾಧಿಯ ರೂಪವೇ ಅಂತ ನಗಬೇಡಿ. ಜನ ಸಾಲುಗಟ್ಟುವ ಹಾಲಿಗೆ ನಡುವೆ ಕಂಬ ಬೇಡವೆಂದರೆ ಗುಮ್ಮಟ ಒಳ್ಳೆಯ ಉಪಾಯವೇ.

ರೂಪದ ಮಾತು ಎಲ್ಲರೂ ಹೇಳುತ್ತಾರೆ, ಕಲ್ಲಿನ ಮಾತು ಎತ್ತುವವರು ಕಡಿಮೆ. ಜಿ.ಪಿ.ಓ. ಗೋಡೆ ಕರಿಯ ಬಸಾಲ್ಟ್. ಗೋಲಗುಮ್ಮಟದ ಗೋಡೆಯದ್ದೂ ಅದೇ ಜಾತಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಲಾವಾ ಉಕ್ಕಿ, ಪದರದ ಮೇಲೆ ಪದರ ಹರಿದು ಆರಿದ್ದೇ ದಖ್ಖನ್ ಟ್ರ್ಯಾಪ್. ಸ್ವೀಡಿಷ್ ಭಾಷೆಯಲ್ಲಿ 'ಟ್ರಾಪ್ಪಾ' ಎಂದರೆ ಮೆಟ್ಟಿಲು. ಖಂಡಾಲಾ ಘಾಟಿನಲ್ಲಿ ರೈಲಿನ ಕಿಟಕಿಯಿಂದ ಬೆಟ್ಟ ನೋಡಿ, ಈ ಹೆಸರು ಯಾಕೆ ಬಂತು ಅಂತ ಗೊತ್ತಾಗುತ್ತದೆ. ಮೈಸೂರು ಸೀಮೆಯದ್ದು ಗ್ರಾನೈಟ್, ಬಾದಾಮಿಯದ್ದು ಕೆಂಪು ಮರಳುಗಲ್ಲು. ವಿಜಾಪುರದವನು ಮುಂಬಯಿಗೆ ಬಂದರೂ ಅದೇ ಲಾವಾದ ಮೇಲೇ ಇರುತ್ತಾನೆ!

ಈ ಕರಿಕಲ್ಲು ಉಳಿಗೆ ಸುಲಭವಾಗಿ ಬಗ್ಗುವುದಿಲ್ಲ. ಆಗದ್ದೇನಲ್ಲ, ಎಲ್ಲೋರ ಕೊರೆದದ್ದು ಇದರಲ್ಲೇ. ಆದರೆ ಕೂಲಿಯ ಲೆಕ್ಕ ಹಾಕುವವನು ಬೇರೆ ದಾರಿ ಹುಡುಕುತ್ತಾನೆ. ಹಾಗಾಗಿ ಜಿ.ಪಿ.ಓ.ದ ಅಲಂಕಾರಕ್ಕೆ ಕುರ್ಲಾದ ಹಳದಿ ಕಲ್ಲು, ಗುಜರಾತಿನ ಧ್ರಾಂಗಧ್ರಾದ ಬಿಳಿ ಕಲ್ಲು. 1878ರಲ್ಲಿ ಮುಗಿದ ರಾಜಾಬಾಯಿ ಗೋಪುರವೂ ಕುರ್ಲಾ ಕಲ್ಲಿನದೇ.

ಆ ಕುರ್ಲಾ ಗಣಿಗಳು ಈಗ ಇಲ್ಲ, ಅವುಗಳ ಮೇಲೆ ಊರು ಬೆಳೆದಿದೆ. ಇದ್ದ ಕಲ್ಲನ್ನೇ ಉಳಿಸಿಕೊಳ್ಳಬೇಕು, ಬದಲಿ ಸಿಗುವುದಿಲ್ಲ. ಅದನ್ನು ಕೆಡಿಸುವುದರಲ್ಲಿ ಮಳೆಯಷ್ಟೇ ಪಾಲು ರಿಪೇರಿಯದ್ದೂ ಇದೆ ಎಂಬುದು ನನ್ನ ಅಭಿಪ್ರಾಯ. ಹಿಂದಿನವರು ಕಲ್ಲಿನ ಸಂದಿಗೆ ಸುಣ್ಣದ ಗಾರೆ ತುಂಬುತ್ತಿದ್ದರು. ಗೋಡೆ ಕುಡಿದ ಮಳೆನೀರು ಆ ಗಾರೆಯ ಮೂಲಕ ಆರಿಹೋಗುತ್ತಿತ್ತು. ಅದನ್ನು ಕಿತ್ತು ಸಿಮೆಂಟ್ ಮೆತ್ತಿದರೆ ನೀರಿಗೆ ಆ ದಾರಿ ಮುಚ್ಚುತ್ತದೆ. ಅದು ಮೆದು ಕಲ್ಲಿನ ಮೂಲಕವೇ ಹೊರಬರುತ್ತದೆ, ಜೊತೆಗೆ ಬಂದ ಉಪ್ಪು ಒಳಗೇ ಹರಳುಗಟ್ಟಿ ಕಲ್ಲು ಹಪ್ಪಳದ ಹಾಗೆ ಸುಲಿಯುತ್ತದೆ. ನಮ್ಮ ಶಾಖೆ ಬಾಡಿಗೆಗಿದ್ದ ಫೋರ್ಟಿನ ಹಳೇ ಕಟ್ಟಡದಲ್ಲಿ ಮಾಲೀಕರು ಮಾಡಿಸಿದ್ದೂ ಇದೇ ಸಿಮೆಂಟ್ ಕೆಲಸ. ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಕಿಟಕಿಯ ಹಳದಿ ಅಂಚು ಮುಟ್ಟಿದರೆ ಪುಡಿ ಉದುರುತ್ತಿತ್ತು. ಕರಿಕಲ್ಲು ಮಾತ್ರ ಹಾಗೇ ಇತ್ತು.